ಹಬ್ಬದ ರಜೆಗೆ ನಂದಿ ಕಡೆ ವೈನ್ ತೋಟ, ಅಲ್ಲೇ ಊಟ: ಪದೇ ಪದೇ ಕೇಳೋ ಪ್ರಶ್ನೆಗಳು

ಕ್ರಿಸ್‌ಮಸ್, ಸಂಕ್ರಾಂತಿ, ಯುಗಾದಿ, ದೀಪಾವಳಿ ಹತ್ರ ಬಂತು ಅಂದ್ರೆ ಆಫೀಸಲ್ಲೂ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲೂ ಇದೇ ಪ್ರಶ್ನೆಗಳು ತಿರುಗಾ ಮುರುಗಾ ಬರ್ತವೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ. ರೇಟು, ಟೈಮಿಂಗು ಬರೆದಿಲ್ಲ. ಅದು ಸೀಸನ್‌ಗೊಂದು ಥರ ಇರುತ್ತೆ, ಹೋಗೋ ಮುಂಚೆ ಫೋನ್ ಮಾಡಿ ಕೇಳ್ಕೊಂಡ್ಬಿಡಿ.

ಬೆಂಗಳೂರಿಂದ ಒಂದೇ ದಿನದಲ್ಲಿ ಹೋಗಿ ಬರೋಕೆ ವೈನ್ ತೋಟ ಎಲ್ಲಿದೆ?

ಮುಖ್ಯವಾಗಿ ಎರಡು ದಿಕ್ಕು. ಒಂದು ಉತ್ತರಕ್ಕೆ, ದೊಡ್ಡಬಳ್ಳಾಪುರ-ದೇವನಹಳ್ಳಿ ಮಧ್ಯೆ ರಘುನಾಥಪುರದಲ್ಲಿರೋ ಗ್ರೋವರ್ ಜಂಪಾ ಅನ್ನೋ ವೈನರಿ, ಅಂದ್ರೆ ವೈನ್ ಮಾಡೋ ಜಾಗ. ಕನ್ವಲ್ ಗ್ರೋವರ್ ಅನ್ನೋರು 1988ರಲ್ಲಿ ನಂದಿ ಬೆಟ್ಟದ ಬುಡದಲ್ಲಿ ಶುರು ಮಾಡಿದ್ದು, ಆಗ ಇಲ್ಲಿ ಫ್ರೆಂಚ್ ದ್ರಾಕ್ಷಿ ಬೆಳೀತೀನಿ ಅಂದ್ರೆ ಯಾರು ನಂಬ್ತಿದ್ರು ಹೇಳಿ. 2012ರಲ್ಲಿ ನಾಸಿಕ್ ಕಡೆಯ ಜಂಪಾ ಕಂಪನಿ ಜೊತೆ ಸೇರಿ ಈಗಿನ ಹೆಸರಾಯ್ತು. ಇನ್ನೊಂದು ಮೈಸೂರು ರಸ್ತೇಲಿ ಚನ್ನಪಟ್ಟಣದ ಹತ್ರ, ಹಿಂದೆ ಹೆರಿಟೇಜ್ ವೈನರಿ ಅಂತಿದ್ದದ್ದು, ಆಮೇಲೆ ಸುಲಾ ಅನ್ನೋ ವೈನ್ ಕಂಪನಿಯವರು ತಗೊಂಡು ಡೊಮೇನ್ ಸುಲಾ ಅಂತ ಮಾಡಿದ್ರು. ಅಲ್ಲಿಗೆ ಹೋಗೋರು ಎಕ್ಸ್‌ಪ್ರೆಸ್‌ವೇಲಿ ಜುಂ ಅಂತ ಹೋದ್ರೆ ಚನ್ನಪಟ್ಟಣ ಬೈಪಾಸ್ ಆಗಿ ಮದ್ದೂರಲ್ಲಿ ವಡೆ ತಿಂತಾ ಕೂತಿರ್ತೀರಿ, ಎಕ್ಸಿಟ್ ನೋಡ್ಕೊಂಡು ಇಳೀರಿ. ಬೈಕಲ್ಲಿ ಹೋಗೋರಿಗೆ ಮೇನ್ ರೋಡಲ್ಲಿ 2023ರ ಆಗಸ್ಟ್‌ನಿಂದ ಬಿಡಲ್ಲ, ಸರ್ವಿಸ್ ರೋಡೇ ಗತಿ. ಇಲ್ಲಿ ಜಾಸ್ತಿ ನಂದಿ ಕಡೇದೇ ಬರೀತೀನಿ, ನನಗೆ ಆ ಕಡೆ ಇಷ್ಟ.

ಯಾವ ಹಬ್ಬಕ್ಕೆ ಹೋದ್ರೆ ಬಳ್ಳೀಲಿ ದ್ರಾಕ್ಷಿ ಕಾಣುತ್ತೆ?

ಇದು ನಿಜವಾಗ್ಲೂ ಕೇಳಬೇಕಾದ ಪ್ರಶ್ನೆ, ಆದ್ರೆ ಕೇಳೋರು ಕಮ್ಮಿ. ಯೂರೋಪಲ್ಲಿ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಕಟಾವು ಮುಗಿಯುತ್ತೆ, ಸಿನಿಮಾಗಳಲ್ಲಿ ನೋಡಿ ನೋಡಿ ನಮ್ಮೋರೂ ದಸರಾ ರಜೆಗೆ ಹೋಗಿ ಎಲ್ರೀ ದ್ರಾಕ್ಷಿ ಅಂತ ಗೈಡನ್ನ ಕೇಳ್ತಾರೆ. ನಮ್ಮ ಕಡೆ ಲೆಕ್ಕಾನೇ ಬೇರೆ. ಇಲ್ಲಿ ಚಳಿಗಾಲದಲ್ಲಿ ಬಳ್ಳಿ ನಿದ್ದೆ ಹೋಗಲ್ಲ, ಅದಕ್ಕೆ ವರ್ಷಕ್ಕೆ ಎರಡು ಸಲ ಸವರ್ತಾರೆ. ಕಟಾವಾದ ಮೇಲೆ ಏಪ್ರಿಲ್ ಸುಮಾರಿಗೆ ಒಂದು ಸಲ, ಮಳೆಗಾಲ ಮುಗಿಯೋ ಹೊತ್ತಿಗೆ ಸೆಪ್ಟೆಂಬರ್-ಅಕ್ಟೋಬರಲ್ಲಿ ಇನ್ನೊಂದು ಸಲ. ಎರಡನೇ ಸವರುವಿಕೆ ಆದ್ಮೇಲೆ ಬರೋದೇ ಫಸಲು, ಅದು ಒಣ ಹವೆ, ತಂಪು ರಾತ್ರಿಗಳಲ್ಲಿ ಮಾಗಿ ಜನವರಿಯಿಂದ ಮಾರ್ಚ್ ಒಳಗೆ ಕೀಳೋಕೆ ಬರುತ್ತೆ.

ಹಂಗಾಗಿ ದಸರಾಗೆ ಹೋದ್ರೆ ಬೋಳು ಕಡ್ಡಿ, ದೀಪಾವಳಿಗೆ ಎಳೇ ಚಿಗುರು, ಕ್ರಿಸ್‌ಮಸ್‌ಗೆ ಗೊಂಚಲು ಕಟ್ಟಿರುತ್ತೆ ಆದ್ರೆ ಬಹುಪಾಲು ಹಸಿರು ಗಟ್ಟಿ ಕಾಯಿ. ಸಂಕ್ರಾಂತಿಯಿಂದ ಶಿವರಾತ್ರಿವರೆಗೂ ಬೆಸ್ಟು. ಯುಗಾದಿಗೆ ಹೊರಗೆ ಬಳ್ಳಿ ಖಾಲಿ ಖಾಲಿ, ಒಳಗೆ ಸ್ಟೀಲ್ ಟ್ಯಾಂಕ್ ಮಾತ್ರ ಭರ್ತಿ, ಆಗ ತೋಟಕ್ಕಿಂತ ಸೆಲ್ಲಾರ್, ಅಂದ್ರೆ ವೈನ್ ಇಡೋ ಕೋಣೆ, ನೋಡೋಕೆ ಚೆನ್ನಾಗಿರುತ್ತೆ, ಆ ಹುಳಿ ಹಿಟ್ಟಿನ ವಾಸನೆ ಬಾಗಿಲಲ್ಲೇ ಮೂಗಿಗೆ ಹೊಡಿಯುತ್ತೆ.

ದಾರೀಲಿ ಚಪ್ಪರದ ಮೇಲೆ ಕಪ್ಪು ದ್ರಾಕ್ಷಿ ನೇತಾಡ್ತಿರುತ್ತಲ್ಲ, ವೈನ್ ಮಾಡೋದು ಅದ್ರಲ್ಲೇನಾ?

ಅದು ಬ್ಯಾಂಗಲೂರ್ ಬ್ಲೂ, ಜಿಐ ಟ್ಯಾಗ್ (ಇದು ಈ ಪ್ರದೇಶದ್ದೇ ಅನ್ನೋ ಸರ್ಕಾರಿ ಗುರುತು) ಇರೋ ನಮ್ಮದೇ ದ್ರಾಕ್ಷಿ, ಜ್ಯೂಸಿಗೆ, ಜ್ಯಾಮಿಗೆ, ಸಿಹಿ ಪೋರ್ಟ್ ಥರದ ವೈನಿಗೆ ಹೋಗುತ್ತೆ. ಸಿಪ್ಪೆ ಹಿಡಿದು ಒತ್ತಿದ್ರೆ ತಿರುಳು ಇಡಿಯಾಗಿ ಪುಳಕ್ಕಂತ ಬಾಯಿಗೆ ಜಾರುತ್ತೆ, ಮೇಲೆ ಸಿಹಿ, ಬೀಜದ ಹತ್ರ ಹುಳಿ, ನಾಲಿಗೆ ನೇರಳೆ ಬಣ್ಣ. ವೈನರಿಯವರು ಬೆಳೆಯೋದು ರೆಡ್ ವೈನಿಗೆ ಕ್ಯಾಬರ್ನೆ ಸೋವಿನ್ಯಾನ್, ಶಿರಾಜ್, ಬಿಳಿ ವೈನಿಗೆ ಸೋವಿನ್ಯಾನ್ ಬ್ಲಾಂ, ವಿಯೋನಿಯೆ ಇಂಥವು. ಅವು ಚಪ್ಪರದಲ್ಲಿರಲ್ಲ, ಕಂಬ ನೆಟ್ಟು ತಂತಿ ಎಳೆದ ಸಾಲಲ್ಲಿ ಎದೆಮಟ್ಟಕ್ಕೆ ನಿಂತಿರ್ತವೆ, ಕಾಳು ಬಟಾಣಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಚಪ್ಪರ ನೋಡಿ ವೈನ್ ತೋಟ ಅಂತ ಯಾರದೋ ರೈತರ ತೋಟಕ್ಕೆ ನುಗ್ಗಿ ಫೋಟೋ ತೆಗಿಬೇಡಿ, ಔಷಧಿ ಹೊಡೆದಿರ್ತಾರೆ, ಬೈಸ್ಕೊಂಡು ಬರ್ತೀರಿ.

ಬುಕಿಂಗ್ ಬೇಕೇ ಬೇಕಾ, ಸುಮ್ನೆ ಹೋದ್ರೆ ಆಗಲ್ವಾ?

ಹಬ್ಬದ ರಜೇಲಿ ಸುಮ್ನೆ ಹೋಗಬೇಡಿ. ಟೂರ್ ಬೇರೆ, ಟೇಸ್ಟಿಂಗ್ ಬೇರೆ, ಊಟ ಬೇರೆ ಅಂತ ತಿಳ್ಕೊಳಿ. ಟೂರ್ ಬುಕ್ ಆಯ್ತು ಅಂದ ಮಾತ್ರಕ್ಕೆ ಊಟ ಇದೆ ಅಂತಲ್ಲ. ಫೋನಲ್ಲಿ ಕೇಳಬೇಕಾದ್ದು: ಆ ದಿನ ಮೆನು ಇದೆಯೋ ಬರೀ ಹಬ್ಬದ ಪ್ಯಾಕೇಜೋ, ಪ್ಯಾಕೇಜ್ ಆದ್ರೆ ಕುಡಿಯದೇ ಇರೋರಿಗೆ ರೇಟ್ ಬೇರೆಯೋ, ಮಕ್ಕಳಿಗೆ ಎಷ್ಟು, ವೆಜ್ ಎಷ್ಟು ಐಟಂ, ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ಸಾ. ಉತ್ತರಾನ ವಾಟ್ಸಾಪಲ್ಲಿ ಬರೆಸ್ಕೊಳಿ. ಫೋನಲ್ಲಿ "ಎಲ್ಲಾ ಅರೇಂಜ್ ಮಾಡ್ತೀವಿ ಸರ್" ಅಂದೋರು ಆವತ್ತು ಡ್ಯೂಟೀಲೇ ಇರಲ್ಲ.

ಮಧ್ಯಾಹ್ನದ ಊಟಾನೋ ರಾತ್ರಿ ಊಟಾನೋ?

ಮಧ್ಯಾಹ್ನ. ರಾತ್ರಿ ಹೊತ್ತು ತೋಟ ಕಾಣಲ್ಲ, ಡಿಸೆಂಬರ್-ಜನವರೀಲಿ ಆ ಕಡೆ ಚಳಿ ಜೋರು, ಮಂಜು ಬೇರೆ, ವಾಪಸ್ ಬರೋವಾಗ ಲಾರಿಗಳ ಮಧ್ಯೆ ಬರಬೇಕು. ಬೆಳಿಗ್ಗೆ ಎಂಟಕ್ಕೆ ಹೆಬ್ಬಾಳ ದಾಟಿದ್ರೆ ಹನ್ನೊಂದರ ಟೂರ್, ಒಂದಕ್ಕೆ ಊಟ, ಮೂರೂವರೆಗೆ ಅಲ್ಲಿಂದ ಬಿಡಬಹುದು. ಭಾನುವಾರ ಸಂಜೆ ಬಳ್ಳಾರಿ ರಸ್ತೇಲಿ ನಂದಿ ಬೆಟ್ಟದ ಜನ, ಚಿಕ್ಕಬಳ್ಳಾಪುರದ ಈಶಾ ಆದಿಯೋಗಿ ನೋಡಿ ಬರೋ ಜನ, ಏರ್‌ಪೋರ್ಟ್ ಜನ ಎಲ್ಲಾ ಒಟ್ಟಿಗೆ ಸಿಗ್ತಾರೆ. ಯಲಹಂಕದವರು ರಾಜಾನುಕುಂಟೆ-ದೊಡ್ಡಬಳ್ಳಾಪುರ ದಾರಿ ಹಿಡಿದ್ರೆ ಸ್ವಲ್ಪ ಉಸಿರಾಡಬಹುದು.

ಅತ್ತೆ ಮಾವ ಈರುಳ್ಳಿ ಬೆಳ್ಳುಳ್ಳಿನೂ ತಿನ್ನಲ್ಲ, ಅರ್ಧ ಜನ ಕುಡಿಯಲ್ಲ, ಇನ್ನರ್ಧ ಜನಕ್ಕೆ ಮಟನ್ ಬೇಕು. ಏನ್ ಮಾಡೋದು?

ಹಬ್ಬದ ಪ್ಲ್ಯಾನ್ ಕೆಡೋದೇ ಇಲ್ಲಿ, ವೈನ್‌ನಿಂದ ಅಲ್ಲ. ನನ್ನ ಪ್ರಕಾರ ಗುಂಪಲ್ಲಿ ಯಾರಿಗೆ ಊಟದ ಕಟ್ಟುಪಾಡು ಜಾಸ್ತಿ ಇದೆಯೋ ಅವರಿಂದ ಪ್ಲ್ಯಾನ್ ಶುರು ಮಾಡಬೇಕು, ಕುಡಿಯೋರು ಹೆಂಗೂ ಅಡ್ಜಸ್ಟ್ ಆಗ್ತಾರೆ, ಅವರ ಕೈಲಿ ಗ್ಲಾಸ್ ಇರುತ್ತಲ್ಲ. ವೈನರಿ ಅಡಿಗೆಮನೆಗಳಲ್ಲಿ ಸಾಮಾನ್ಯವಾಗಿ ಪಾಸ್ತಾ, ಪಿಜ್ಜಾ, ಪನೀರ್, ಒಂದಿಷ್ಟು ನಾರ್ತ್ ಇಂಡಿಯನ್ ಗ್ರೇವಿ. ಈರುಳ್ಳಿ ಇಲ್ಲದ ಗ್ರೇವಿ ಮಾಡಿಕೊಡಿ ಅಂದ್ರೆ ಹೂಂ ಅಂತಾರೆ, ಆದ್ರೆ ಗ್ರೇವಿ ಬೆಳಿಗ್ಗೇನೇ ದೊಡ್ಡ ಪಾತ್ರೇಲಿ ರೆಡಿ ಆಗಿರುತ್ತೆ, ಈರುಳ್ಳಿನ ಅದ್ರಿಂದ ಹೆಕ್ಕಿ ತೆಗೆಯೋಕಾಗುತ್ತಾ? ಎರಡು ದಿನ ಮುಂಚೆ ಹೇಳಿದ್ರೆ ಮಾತ್ರ ಏನಾದ್ರೂ ಆಗುತ್ತೆ.

ಅದಕ್ಕಿಂತ ಸುಲಭ ಅಂದ್ರೆ ಊಟ ಮತ್ತು ಟೇಸ್ಟಿಂಗ್ ಎರಡನ್ನೂ ಬೇರೆ ಮಾಡಿ. ಟೂರ್-ಟೇಸ್ಟಿಂಗ್‌ಗೆ ಬೇಕಾದೋರು ಮಾತ್ರ ಹೋಗೋದು, ಅಷ್ಟೊತ್ತು ದೊಡ್ಡೋರನ್ನ ನಂದಿ ಗ್ರಾಮದ ಭೋಗನಂದೀಶ್ವರನ ಗುಡೀಲಿ ಬಿಡೋದು, ಒಂಬತ್ತನೇ ಶತಮಾನದ್ದು, ಕಲ್ಯಾಣಿ ಮೆಟ್ಟಿಲ ಮೇಲೆ ಕೂತ್ರೆ ಎದ್ದು ಬರೋ ಮನಸ್ಸಾಗಲ್ಲ. ಆಮೇಲೆ ಎಲ್ಲರೂ ಸೇರಿ ಹೈವೇ ಪಕ್ಕದ ಒಳ್ಳೆ ವೆಜ್ ಹೋಟೆಲಲ್ಲಿ ಬಾಳೆಲೆ ಊಟ. ಮಟನ್ ಬೇಕು ಅನ್ನೋರಿಗೆ? ಆವತ್ತು ಒಂದು ದಿನ ಬಿಡ್ಲಿ. ಇಲ್ಲಾಂದ್ರೆ ದೊಡ್ಡೋರನ್ನ ಮನೇಲೇ ಹಬ್ಬ ಮಾಡೋಕೆ ಬಿಟ್ಟು ಮಾರನೇ ದಿನ ಹೋಗಿ. ಮನಸ್ಸಿಲ್ಲದೋರನ್ನ ಎಳ್ಕೊಂಡು ಹೋಗಿ ಪಕ್ಕದ ಟೇಬಲಲ್ಲಿ ಚಿಕನ್ ವಾಸನೆ ಕುಡಿಸೋದು ಯಾವ ಹಬ್ಬ ಸ್ವಾಮಿ.

ಗುಂಪಲ್ಲೊಬ್ಬರು ಅಯ್ಯಪ್ಪ ಮಾಲೆ ಹಾಕಿದಾರೆ, ಡಿಸೆಂಬರ್ ಟ್ರಿಪ್‌ಗೆ ಕರೀಬಹುದಾ?

ಕರೀಬೇಡಿ, ಅವರಿಗೂ ಮುಜುಗರ. ಮಕರಜ್ಯೋತಿ ಮುಗಿಸ್ಕೊಂಡು ಬರ್ಲಿ, ಜನವರಿ ಕೊನೇ ವಾರಕ್ಕೆ ಇಟ್ಕೊಳಿ, ಹೆಂಗೂ ಆಗಲೇ ದ್ರಾಕ್ಷಿ ಮಾಗಿರೋದು.

ವೈನರೀಲಿ ಹಬ್ಬದೂಟ ಸಿಗುತ್ತಾ? ಹೋಳಿಗೆ ಅಂತ?

ಯುಗಾದಿಗೆ ಹೋಳಿಗೆ ತಿನ್ನಬೇಕು ಅಂತ ವೈನರಿಗೆ ಹೋಗೋದು ಸರಿಯಲ್ಲ. ಕ್ರಿಸ್‌ಮಸ್ ಟೈಮಲ್ಲಿ ಮಾತ್ರ ಅವರ ಥರದ ಊಟಕ್ಕೂ ಹಬ್ಬಕ್ಕೂ ಹೊಂದಾಣಿಕೆ ಆಗುತ್ತೆ, ರೋಸ್ಟ್, ಪ್ಲಮ್ ಕೇಕ್, ರೆಡ್ ವೈನ್. ನಮ್ಮ ಹಬ್ಬಗಳಿಗೆ ಬೆಳಿಗ್ಗೆ ಮನೇಲಿ ಪೂಜೆ, ಒಬ್ಬಟ್ಟು, ಮಧ್ಯಾಹ್ನ ಮಲಗೋದು, ಮಾರನೇ ದಿನ ತೋಟ. ಕೆಲವರು ಮನೆಯಿಂದ ಡಬ್ಬೀಲಿ ಒಬ್ಬಟ್ಟು ತಗೊಂಡೋಗ್ತಾರೆ, ಹೊರಗಿನ ತಿಂಡಿ ಬಿಡ್ತಾರಾ ಅಂತ ಮೊದಲೇ ಕೇಳಿ, ಮೇಜಿನ ಕೆಳಗೆ ಕದ್ದು ತಿನ್ನೋದು ಬೇಡ.

ನಮ್ಮ ಊಟಕ್ಕೆ ಯಾವ ವೈನ್ ಹೊಂದುತ್ತೆ?

ಇದ್ರ ಬಗ್ಗೆ ದೊಡ್ಡ ದೊಡ್ಡ ಮಾತಾಡೋರು ಬಹಳ ಜನ ಇದಾರೆ, ನಾನು ಅಡಿಗೆಮನೆ ಲೆಕ್ಕದಲ್ಲಿ ಹೇಳ್ತೀನಿ. ಮೊದಲನೇದು ಖಾರ. ರೆಡ್ ವೈನಲ್ಲಿ ಟ್ಯಾನಿನ್ ಅಂತ ಇರುತ್ತೆ, ಹಸಿ ಬಾಳೆಕಾಯಿ ಕಚ್ಚಿದಂಗೆ ಬಾಯಿ ಒಗರಾಗೋದು ಅದ್ರಿಂದಾನೇ. ಗುಂಟೂರು ಮೆಣಸಿನಕಾಯಿ ಖಾರದ ಮೇಲೆ ಟ್ಯಾನಿನ್ನೂ ಆಲ್ಕೋಹಾಲೂ ಸೇರಿದ್ರೆ ಖಾರ ಇನ್ನೂ ಏರುತ್ತೆ, ಕಣ್ಣಲ್ಲಿ ನೀರು. ಖಾರದ ಊಟಕ್ಕೆ ತಣ್ಣಗಿರೋ, ಸ್ವಲ್ಪ ಸಿಹಿ ಉಳಿದಿರೋ ಶೆನಾ ಬ್ಲಾಂ ಅನ್ನೋ ಬಿಳಿ ವೈನ್ ಅಥವಾ ಗುಲಾಬಿ ಬಣ್ಣದ ರೋಸೆ ತಗೊಳಿ. ಬಿಸಿಬೇಳೆ ಬಾತ್ ಸಿಕ್ರೆ ಅದ್ರ ಜೊತೆಗೂ ಅದೇ.

ನಿಂಬೆಹಣ್ಣು ಹಿಂಡಿದ ಕೋಸಂಬರಿ, ಚಿತ್ರಾನ್ನ ಇಂಥದಕ್ಕೆ ಸೋವಿನ್ಯಾನ್ ಬ್ಲಾಂ, ಹುಳಿಗೆ ಹುಳಿ ಸರಿಹೋಗುತ್ತೆ. ತೆಂಗಿನಕಾಯಿ ಹಾಕಿದ ಸಾಗು, ಕುರ್ಮಾಗೆ ವಿಯೋನಿಯೆ. ಎಣ್ಣೇಲಿ ಕರಿದದ್ದು, ಅಂದ್ರೆ ಅಂಬೊಡೆ, ಬೋಂಡ, ಹಪ್ಪಳ ಇದ್ರೆ ಸ್ಪಾರ್ಕ್ಲಿಂಗ್, ಆ ಗುಳ್ಳೆ ಎಣ್ಣೆ ಜಿಡ್ಡನ್ನ ತೊಳ್ಕೊಂಡೋಗುತ್ತೆ, ಇದು ನನ್ನ ಫೇವರಿಟ್. ಮೆಣಸು ಹಾಕಿದ ಮಟನ್ ಫ್ರೈಗೆ ಶಿರಾಜ್. ಸಿಹಿ ತಿಂಡಿ ಜೊತೆ ಕುಡಿಯೋ ವೈನು ಆ ಸಿಹಿಗಿಂತ ಸಿಹಿಯಾಗಿರಬೇಕು, ಇಲ್ಲಾಂದ್ರೆ ವೈನ್ ಬರೀ ಹುಳಿ ನೀರು ಅನ್ಸುತ್ತೆ. ಹೋಳಿಗೆ, ಪಾಯಸದ ಜೊತೆ ಡ್ರೈ (ಸಿಹಿ ಇಲ್ಲದ) ರೆಡ್ ಸುರಿದು ವೈನೇ ಚೆನ್ನಾಗಿಲ್ಲ ಅಂತ ಬೈಬೇಡಿ. ಅವಕ್ಕೆ ಲೇಟ್ ಹಾರ್ವೆಸ್ಟ್ ಅಂತ ಬರುತ್ತೆ, ಬಳ್ಳೀಲೇ ಜಾಸ್ತಿ ದಿನ ಬಿಟ್ಟು ಸಕ್ಕರೆ ಏರಿಸಿದ ದ್ರಾಕ್ಷೀದು, ಚಿಕ್ಕ ಗ್ಲಾಸಲ್ಲಿ ಸಾಕು. ಸಾರಿಗೆ, ಮೊಸರನ್ನಕ್ಕೆ ಯಾವ ವೈನೂ ಬೇಡ. ನೀರು ಕುಡೀರಿ.

ಇನ್ನೊಂದು, ರೆಡ್ ವೈನ್ ರೂಮ್ ಟೆಂಪರೇಚರಲ್ಲಿ ಕುಡೀಬೇಕು ಅನ್ನೋದು ಚಳಿ ದೇಶದ ರೂಮಿನ ಮಾತು, 16-18 ಡಿಗ್ರಿ ಅಂತ. ಮಾರ್ಚ್ ಮಧ್ಯಾಹ್ನ ನಮ್ಮಲ್ಲಿ 30 ದಾಟಿರುತ್ತೆ. ಬಾಟಲ್ ಬೆಚ್ಚಗಿದ್ರೆ ಐಸ್ ಬಕೆಟಲ್ಲಿ ಕಾಲು ಗಂಟೆ ಇಡಿ ಅಂತ ಕೇಳೋಕೆ ಸಂಕೋಚ ಬೇಡ.

ಟೇಸ್ಟಿಂಗಲ್ಲಿ ಉಗುಳಿದ್ರೆ ಏನಂದ್ಕೋತಾರೋ?

ಏನೂ ಅಂದ್ಕೊಳಲ್ಲ, ಅದಕ್ಕೇ ಡಬ್ಬ ಇಟ್ಟಿರ್ತಾರೆ, ವೈನ್ ಮಾಡೋರೇ ಉಗುಳ್ತಾರೆ. ಬೇರೆ ಬೇರೆ ವೈನ್ ಗುಟುಕು ಗುಟುಕು ಕೊಡ್ತಾರೆ, ಕಮ್ಮಿ ಅನ್ಸುತ್ತೆ, ಆದ್ರೆ ಎಲ್ಲಾ ಕುಡಿದ್ರೆ ಖಾಲಿ ಹೊಟ್ಟೇಲಿ ತಲೆ ತಿರುಗೋಕೆ ಸಾಕು. ಬೆಳಿಗ್ಗೆ ಇಡ್ಲಿ ತಿಂದು ಹೋಗಿ. ಜೋರು ಸೆಂಟ್ ಹಾಕ್ಕೊಂಡು ಹೋಗ್ಬೇಡಿ, ಮಲ್ಲಿಗೆ ಹೂ ಬೇರೆ ಮುಡಿದಿದ್ರೆ ಮೂಗಿಗೆ ವೈನ್ ಗೊತ್ತಾಗೋದೇ ಇಲ್ಲ, ಹಬ್ಬದ ದಿನ ಹೂ ಬೇಡ ಅನ್ನೋಕೂ ಆಗಲ್ಲ ಬಿಡಿ.

ವೈನ್ ಸಸ್ಯಾಹಾರಾನಾ?

ದ್ರಾಕ್ಷೀದೇ ಆದ್ರೂ ಕೆಲವು ಕಡೆ ವೈನ್ ತಿಳಿ ಮಾಡೋಕೆ ಮೊಟ್ಟೆ ಬಿಳಿ, ಮೀನಿನ ಜೆಲಾಟಿನ್ ಥರದ್ದು ಬಳಸ್ತಾರೆ. ಇನ್ನು ಕೆಲವು ಕಡೆ ಬೆಂಟೊನೈಟ್ ಅನ್ನೋ ಜೇಡಿಮಣ್ಣು. ಬಾಟಲಿಂದ ಬಾಟಲಿಗೆ ಬೇರೆ, ಹಾಗಾಗಿ ಕಟ್ಟುನಿಟ್ಟಿನವರು ಟೂರ್ ಮಾಡಿಸೋರನ್ನೇ ನೇರವಾಗಿ ಕೇಳಿ.

ಒಂದೆರಡು ಗ್ಲಾಸ್ ಕುಡಿದು ಡ್ರೈವ್ ಮಾಡಬಹುದಾ?

ಬೇಡ. ಕಾನೂನಲ್ಲಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್ ಮಿತಿ, ಮೋಟಾರು ವಾಹನ ಕಾಯ್ದೆ ಸೆಕ್ಷನ್ 185, ಮೊದಲನೇ ಸಲಾನೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ವೈನ್ ಬರೀ ಜ್ಯೂಸ್ ಥರ ಅನ್ನೋ ಮಾತು ಪೊಲೀಸರು ಊದಿಸೋ ಮಷಿನ್‌ಗೆ ಗೊತ್ತಾಗಲ್ಲ. ಆ್ಯಪ್ ಕ್ಯಾಬ್ ಹೋಗುವಾಗ ಸಿಗುತ್ತೆ, ಬರೋವಾಗ ರಘುನಾಥಪುರದಲ್ಲಿ ನಿಂತು ಬುಕ್ ಮಾಡಿದ್ರೆ ಮ್ಯಾಪಲ್ಲಿ ಒಂದು ಕಾರೂ ಕಾಣಲ್ಲ. ಇಡೀ ದಿನಕ್ಕೆ ಟ್ಯಾಕ್ಸಿ ಮಾತಾಡ್ಕೊಳಿ, ಅಥವಾ ನಿಮ್ಮ ಕಾರಿಗೇ ಒಬ್ಬ ಆ್ಯಕ್ಟಿಂಗ್ ಡ್ರೈವರ್. ಬಾಟಾ, ಟೋಲ್, ಅವರ ಊಟ ಮೊದಲೇ ಮಾತಾಡಿ. ಹಬ್ಬದ ದಿನ ನಮ್ಮ ಮನೆ ಜನಕ್ಕೋಸ್ಕರ ತಮ್ಮ ಮನೆ ಹಬ್ಬ ಬಿಟ್ಟು ಬಂದಿರ್ತಾರೆ, ಅವರನ್ನ ಕಾರಲ್ಲಿ ಕೂರಿಸಿ ಬಿಸ್ಕೆಟ್ ಪೊಟ್ಟಣ ಕೊಡಬೇಡಿ.

ಕಾಲೇಜ್ ಹುಡುಗರು ಬರಬಹುದಾ?

ತೋಟ ನೋಡೋಕೆ, ಊಟಕ್ಕೆ ಬರ್ಲಿ, ವೈನ್ ಗ್ಲಾಸ್ ಹಿಡಿಯೋಕೆ 21 ವರ್ಷ ಆಗಿರಬೇಕು, ಐಡಿ ಕೇಳ್ತಾರೆ. ಚಿಕ್ಕ ಮಕ್ಕಳಿಗೆ ಸೆಲ್ಲಾರಲ್ಲಿ ಹತ್ತು ನಿಮಿಷಕ್ಕೆ ಬೋರ್ ಆಗುತ್ತೆ.

ಹಬ್ಬದ ದಿನ ಡ್ರೈ ಡೇ ಇದ್ರೆ?

ಅಕ್ಟೋಬರ್ 2 ಗಾಂಧಿ ಜಯಂತಿ ಗ್ಯಾರಂಟಿ ಡ್ರೈ ಡೇ, ಅಂದ್ರೆ ಆವತ್ತು ಮದ್ಯ ಮಾರೋ ಹಂಗಿಲ್ಲ. ಕೆಲವು ವರ್ಷ ದಸರಾ ಅದ್ರ ಅಕ್ಕಪಕ್ಕಾನೇ ಬಂದು ಲಾಂಗ್ ವೀಕೆಂಡ್ ಆಗುತ್ತೆ, ಜನ ಖುಷೀಲಿ ಬುಕ್ ಮಾಡಿ ಅಲ್ಲಿ ಹೋಗಿ ಮೋಸಂಬಿ ಜ್ಯೂಸ್ ಕುಡಿದು ಬರ್ತಾರೆ. ಎಲೆಕ್ಷನ್ ಇದ್ರೆ ಮತದಾನ ಮುಗಿಯೋ ಹಿಂದಿನ 48 ಗಂಟೆ ಬಂದ್. ಗಣೇಶ ವಿಸರ್ಜನೆ ಟೈಮಲ್ಲಿ ಪೊಲೀಸರು ಕೆಲವು ಏರಿಯಾಗಳಲ್ಲಿ ಆರ್ಡರ್ ಹಾಕ್ತಾರೆ, ಹಿಂದಿನ ದಿನ ಪೇಪರ್ ನೋಡಿ.

ಬಿಲ್ಲಲ್ಲಿ ಏನೇನ್ ಹಾಕ್ತಾರೆ?

ಊಟಕ್ಕೆ ಸಾಮಾನ್ಯವಾಗಿ 5 ಪರ್ಸೆಂಟ್ ಜಿಎಸ್‌ಟಿ. ರೂಮ್ ಬಾಡಿಗೆ ದಿನಕ್ಕೆ 7,500 ದಾಟೋ ದೊಡ್ಡ ರೆಸಾರ್ಟ್ ಒಳಗಿನ ರೆಸ್ಟೋರೆಂಟಾದ್ರೆ 18. ವೈನಿಗೆ ಜಿಎಸ್‌ಟಿ ಇಲ್ಲ, ಮದ್ಯ ಜಿಎಸ್‌ಟಿ ಹೊರಗೆ, ಅದು ರಾಜ್ಯದ ತೆರಿಗೆ ಲೆಕ್ಕ, ಹಾಗಾಗಿ ಎರಡನ್ನೂ ಸೇರಿಸಿ ಮೇಲೆ ಜಿಎಸ್‌ಟಿ ಹಾಕಿದಾರಾ ನೋಡಿ. ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ, ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟ್ ಕೂಡ ಎತ್ತಿ ಹಿಡೀತು. ತೆಗೀರಿ ಅಂತ ಹೇಳಿ, ಆಮೇಲೆ ಬಡಿಸಿದ ಹುಡುಗನ ಕೈಗೆ ನೇರವಾಗಿ ಟಿಪ್ಸ್ ಕೊಡಿ. ಹಬ್ಬದ ದಿನ ಕೈ ಬಿಗಿ ಹಿಡೀಬೇಡಿ.

ಯುಗಾದಿ ಮಾರನೇ ದಿನ ಹೋದ್ರೆ?

ಹೊಸತೊಡಕು! ಆವತ್ತು ಆ ಕಡೆ ಮುದ್ದೆ, ನಾಟಿಕೋಳಿ ಸಾರು, ಬೋಟಿ ಗೊಜ್ಜು ಮಾಡೋ ಮಿಲಿಟ್ರಿ ಹೋಟೆಲ್‌ಗಳಲ್ಲಿ ಹನ್ನೆರಡೂವರೆ ಮೇಲೆ ಸೀಟ್ ಸಿಗಲ್ಲ, ಹೊರಗೆ ಕಾರ್ ನಿಲ್ಲಿಸೋಕೂ ಜಾಗ ಇರಲ್ಲ. ಕಟಾವು ಮುಗಿದಿರುತ್ತೆ, ಆದ್ರೆ ಮಾಂಸದೂಟ ಮತ್ತು ವೈನ್ ಎರಡೂ ಒಂದೇ ದಿನ ಬೇಕು ಅನ್ನೋರಿಗೆ ವರ್ಷಕ್ಕೆ ಇದಕ್ಕಿಂತ ಒಳ್ಳೆ ದಿನ ಇಲ್ಲ. ಊಟ ಮೊದಲು ಮುಗಿಸಿ, ಮೂರು ಗಂಟೆ ಟೇಸ್ಟಿಂಗ್ ಸ್ಲಾಟ್ ಹಿಡೀರಿ, ಮುದ್ದೆ ಹೊಟ್ಟೇಲಿದ್ರೆ ವೈನ್ ನಿಧಾನಕ್ಕೆ ಏರುತ್ತೆ. ಮಟನ್ ಅಂಗಡಿ ಕ್ಯೂ ನಿಂತು ಮನೇಲೇ ಮಾಡ್ಕೊಂಡು ತಿನ್ನೋರ ಸುದ್ದಿಗೆ ನಾನು ಹೋಗಲ್ಲ, ಅದ್ರ ರುಚಿ ಹೋಟೆಲಲ್ಲಿ ಬರಲ್ಲ ಅನ್ನೋದು ನಿಜಾನೇ.

ಘಾಟಿ ಸುಬ್ರಹ್ಮಣ್ಯನೂ ಅದೇ ದಾರಿ ಅಲ್ವಾ, ಎರಡೂ ಸೇರಿಸಬಹುದಾ?

ಬಹಳ ಜನ ಸೇರಿಸ್ತಾರೆ, ಮನೇಲಿ ಘಾಟಿ ಅಂತ ಹೇಳಿ ಹೊರಡೋರೂ ಇದಾರೆ. ಬೆಳಿಗ್ಗೇನೇ ದೇವಸ್ಥಾನ ಮುಗಿಸಿ, ಸುಬ್ರಹ್ಮಣ್ಯಸ್ವಾಮಿ ಎದುರಿಗೆ, ಹಿಂಭಾಗದಲ್ಲಿರೋ ನರಸಿಂಹಸ್ವಾಮಿನ ಕನ್ನಡೀಲಿ ನೋಡ್ಕೊಂಡು, ಪ್ರಸಾದ ತಿಂದು, ಆಮೇಲೆ ತೋಟ. ಉಲ್ಟಾ ಮಾಡಬೇಡಿ. ಷಷ್ಠಿ, ಮಂಗಳವಾರ ಕ್ಯೂ ಜಾಸ್ತಿ. ಶಿವರಾತ್ರಿ ಸುತ್ತಮುತ್ತ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ಜಾತ್ರೆ, ತೇರು, ರಸ್ತೆ ಪೂರ್ತಿ ಜನ, ಆ ಎರಡು ದಿನ ವೈನ್ ಆಸೆ ಬಿಟ್ಟು ಜಾತ್ರೆಗೇ ಹೋಗಿ, ಕಡ್ಲೆಪುರಿ ತಿಂದು ಬನ್ನಿ.

ಡಿಸೆಂಬರ್ 31ರ ರಾತ್ರಿ?

31ರ ಸಂಜೆಯಿಂದ 1ರ ಬೆಳಿಗ್ಗೆವರೆಗೆ ನಂದಿ ಬೆಟ್ಟದ ಮೇಲೆ ಹೋಗೋಕೆ ಜಿಲ್ಲಾಡಳಿತ ನಿರ್ಬಂಧ ಹಾಕೋದು ಮಾಮೂಲು. ಕೆಳಗೆ ರೆಸಾರ್ಟ್ ಪಾರ್ಟಿಗಳಲ್ಲಿ ಡಿಜೆ ಸೌಂಡಿಗೆ ವೈನ್ ರುಚಿ ಯಾರಿಗೆ ಬೇಕು. ನಾನಾದ್ರೆ ಹೋಗಲ್ಲ, 2ನೇ ತಾರೀಕು ಹೋಗ್ತೀನಿ.

ಬರೋವಾಗ ಬಾಟಲ್ ತರಬಹುದಾ, ಮನೇಲಿ ಹೆಂಗಿಡೋದು?

ವೈನರಿ ಅಂಗಡೀಲಿ ತಗೊಳಿ, ಬಿಲ್ ಜೊತೇಲಿಟ್ಕೊಳಿ. ಕಾರಿನ ಡಿಕ್ಕೀಲಿ ಬಿಸಿಲಿಗೆ ಬಿಟ್ಟು ದೇವನಹಳ್ಳಿ ಕೋಟೆ ನೋಡೋಕೆ ಹೋಗ್ಬೇಡಿ, ಬೇಯುತ್ತೆ. ಮನೇಲಿ ಫ್ರಿಜ್ ಮೇಲೆ, ಒಲೆ ಪಕ್ಕ ಬೇಡ, ಮಂಚದ ಕೆಳಗೆ ಕತ್ತಲಲ್ಲಿ ಮಲಗಿಸಿಡಿ, ಕಾರ್ಕ್ ಇರೋದಾದ್ರೆ ಒಣಗಬಾರದು, ತಿರುಗಿಸೋ ಮುಚ್ಚಳದ್ದಾದ್ರೆ ನಿಲ್ಲಿಸಿಟ್ರೂ ನಡೆಯುತ್ತೆ. ಓಪನ್ ಮಾಡಿದ ಮೇಲೆ ರೆಡ್ ಆದ್ರೂ ಫ್ರಿಜ್ಜಲ್ಲೇ ಇಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಮುಂದಿನ ಯುಗಾದಿಗೆ ಅಂತ ವರ್ಷಗಟ್ಟಲೆ ಎತ್ತಿಡೋ ಥರದ ವೈನ್ ನಾವು ತರೋದ್ರಲ್ಲಿ ಕಮ್ಮಿ, ಬಿಳಿ ಮತ್ತು ರೋಸೆ ಅಂತೂ ಬೇಗ ಕುಡೀಬೇಕು.